ಗಾಡಿ ಬಿಡಿಸುವ ಕೆಲಸ

ಈ ಊರಿನಲ್ಲಿ ಎಲ್ಲರೂ ರಸ್ತೆಯ ತಪ್ಪು ಮಗ್ಗುಲಲ್ಲೇ ಗಾಡಿ ಬಿಡುತ್ತಾರೆ. "ತಪ್ಪಲ್ಲ ಅಪ್ಪ, ಇಲ್ಲಿ ಬಲಗಡೆ," ಎಂದು ಮಗಳು ಎಷ್ಟೋ ಸಲ ಹೇಳಿದ್ದಾಳೆ. ಹೇಳಲಿ. ನೌಕರಿ ಪೂರ್ತಿ ಸಿಟಿ ಬಸ್ಸನ್ನು ಎಡಗಡೆಯೇ ಬಿಟ್ಟು, ಒಂದು ನಾಯಿಗೂ ತಾಗಿಸದೆ ರಿಟೈರಾದವನು ನಾನು. ನನ್ನ ಕಣ್ಣಿಗೆ ಅದು ತಪ್ಪೇ.

ಬಂದ ಹೊಸದರಲ್ಲಿ ಅವಳ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೆಳಗಿನ ಸರ್ಕಲ್ಲನ್ನು ನೋಡುವುದೇ ನನ್ನ ಕೆಲಸವಾಗಿತ್ತು. ಟ್ರಾಮು, ಬಸ್ಸು, ಟ್ಯಾಕ್ಸಿ, ಊಟದ ಡಬ್ಬಿ ಬೆನ್ನಿಗೆ ಕಟ್ಟಿಕೊಂಡು ಸಂದಿಗೊಂದಿಯಲ್ಲಿ ನುಗ್ಗುವ ಬೈಕಿನವರು. ಬಸ್ಸು ತಿರುಗಿದಾಗಲೆಲ್ಲ ಅದು ಎದುರಿನ ಸಾಲಿಗೇ ಹೋಗಿ ಗುದ್ದುತ್ತದೆ ಎನಿಸಿ, ನನ್ನ ಬಲಗಾಲು ಬಾಲ್ಕನಿಯ ನೆಲವನ್ನು ಒತ್ತುತ್ತಿತ್ತು. ಬ್ರೇಕು ಹಾಕಿ ಹಾಕಿ ಸಾಯಂಕಾಲದ ಹೊತ್ತಿಗೆ ಮೀನಖಂಡ ನೋಯುತ್ತಿತ್ತು.

ನಾನು ಊರು ನೋಡಲು ಬಂದವನಲ್ಲ. ಒಂದು ಕೆಲಸದ ಮೇಲೆ ಬಂದಿದ್ದೆ. ನನ್ನ ಮಗಳು ನರ್ಸು. ಆಸ್ಪತ್ರೆಯೊಳಗಿನ ನರ್ಸಲ್ಲ, ಹಾಸಿಗೆ ಬಿಟ್ಟು ಏಳಲಾಗದವರ ಮನೆಗಳಿಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟು ಬರುವವಳು. ಮನೆಯಿಂದ ಮನೆಗೆ ಓಡಾಡಲು ಮೋಟಾರ್ ಬೈಕು ಇಟ್ಟುಕೊಂಡಿದ್ದಳು. ಒಂದು ಮಧ್ಯಾಹ್ನ ರಸ್ತೆ ಪಕ್ಕ ನಿಂತಿದ್ದ ಟ್ಯಾಕ್ಸಿಯೊಂದರ ಬಾಗಿಲು ಇದ್ದಕ್ಕಿದ್ದಂತೆ ತೆರೆಯಿತಂತೆ. ತಪ್ಪಿಸಿಕೊಳ್ಳಲು ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಚಕ್ರ ಟ್ರಾಮಿನ ಹಳಿಯ ಸಂದಿಗೆ ಸಿಕ್ಕಿ ಅವಳು ಹಾರಿ ಬಿದ್ದಿದ್ದಾಳೆ. ಭುಜದ ಮೂಳೆ ಮುರಿದಿದೆ. ಇದನ್ನೆಲ್ಲ ನಮಗೆ ಹೇಳಿದ್ದು ಮೂಳೆ ಕೂಡಿದ ಮೇಲೆ. ಅದೂ "ಅಮ್ಮ, ಒಗ್ಗರಣೆಗೆ ಎಷ್ಟು ಸಾಸಿವೆ ಹಾಕ್ಬೇಕು?" ಎಂದು ಕೇಳಿದಷ್ಟು ಸಲೀಸಾಗಿ.

ನನ್ನ ಹೆಂಡತಿ ಅಂದು ಊಟ ಮಾಡಲಿಲ್ಲ. ಮಂಡಿ ನೋವಿನಿಂದ ಅವಳು ವಿಮಾನದಲ್ಲಿ ಅಷ್ಟು ಹೊತ್ತು ಕೂರಲಾರಳು. ಹಾಗಾಗಿ ನನ್ನ ಪೆಟ್ಟಿಗೆ ಕಟ್ಟಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಏನಾದ್ರೂ ಮಾಡಿ, ಅವಳ ಕೈಲಿ ಗಾಡಿ ಬಿಡಿಸಿ ಬನ್ನಿ. ನಿಮ್ಮ ಮಾತಂದ್ರೆ ಕೇಳ್ತಾಳೆ."

ಮಾತು ಕೇಳುತ್ತಾಳೆ ಎನ್ನುವುದು ತಾಯಿಯ ಭ್ರಮೆ. ನನ್ನ ದೊಡ್ಡ ಗಂಟಲಿಗೆ ಡಿಪೋದವರು ನನ್ನನ್ನು 'ಹಾರ್ನು' ಎಂದು ಕರೆಯುತ್ತಿದ್ದರು. ರಜೆ ಬಂತೆಂದರೆ ಬಸ್ಸಿನ ಬಾನೆಟ್ ಮೇಲೆ ನನ್ನ ಪಕ್ಕ ಕೂತು ಊರೆಲ್ಲ ಸುತ್ತುತ್ತಿದ್ದ ಮಗಳಿಗೆ 'ಬೆಲ್ಲು' ಎಂದು ಹೆಸರಿಟ್ಟರು. ಹಾರ್ನಿನ ಮಾತನ್ನು ಬೆಲ್ಲು ಎಂದಾದರೂ ಕೇಳಿದ್ದುಂಟೇ?

ಆದರೆ ಇಲ್ಲಿ ಬಂದು ನೋಡಿದರೆ ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಬೆಳಗ್ಗೆ ಬೆಲ್ಲು ಹೆಲ್ಮೆಟ್ಟು, ಔಷಧಿ ಚೀಲ, ಬೀಗದಕೈ ಎಲ್ಲ ತೆಗೆದುಕೊಂಡು ಲಿಫ್ಟಿನಲ್ಲಿ ಇಳಿಯುವಳು. ಸ್ವಲ್ಪ ಹೊತ್ತಿಗೆ ಮೇಲೆ ಬಂದು ಹೆಲ್ಮೆಟ್ಟನ್ನು ಕಪಾಟಿನ ಮೇಲಿಟ್ಟು, "ಇವತ್ತು ಬಸ್ಸಲ್ಲೇ ಹೋಗ್ತೀನಪ್ಪ," ಎನ್ನುವಳು. ಮಾರನೆಯ ದಿನವೂ ಅದೇ ಹಾಡು. ಒಮ್ಮೆ ನಾನು ಮೆಟ್ಟಿಲಿಳಿದು ಅವಳ ಹಿಂದೆಯೇ ಹೋದೆ. ಕಟ್ಟಡದ ನೆಲಮಾಳಿಗೆಯಲ್ಲಿ ಕಾರುಗಳ ನಡುವೆ ಅವಳ ಬೈಕು. ಹೊದಿಕೆ ತೆಗೆದು, ಕನ್ನಡಿ ಒರೆಸಿ, ಮೇಲೆ ಹತ್ತಿ ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು ಕೂತಳು. ಸ್ಟಾರ್ಟ್ ಮಾಡಲಿಲ್ಲ. ಸುಮ್ಮನೆ ಕೂತು, ಇಳಿದು, ಮತ್ತೆ ಹೊದಿಕೆ ಹೊದಿಸಿದಳು. ನಾನು ಕಂಬದ ಮರೆಯಿಂದ ಬೆಕ್ಕಿನ ಹೆಜ್ಜೆ ಹಾಕಿಕೊಂಡು ಮೇಲೆ ಬಂದೆ.

ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಹೆಂಡತಿಗೆ ಫೋನು ಹಚ್ಚಿ, "ಮುಕ್ಕಾಲು ಕೆಲಸ ತಾನೇ ಆಗಿದೆ ಕಣೇ, ನಾನು ಬರೀ ಸಹಿ ಹಾಕೋದು ಬಾಕಿ," ಎಂದು ಜಂಬ ಕೊಚ್ಚಿಕೊಂಡೆ. ಅವಳು ಅಲ್ಲಿಂದಲೇ ದೇವರಿಗೆ ಕೈ ಮುಗಿದಿರಬೇಕು.

ಆ ಜಂಬ ಇಳಿದದ್ದು ತರಕಾರಿ ತರಲು ಹೋದಾಗ. ರಸ್ತೆ ದಾಟುವ ಕಡೆ ಹಸಿರು ದೀಪ ಬಂತು. ಎಲ್ಲರೂ ದಾಟಿದರು. ಬೆಲ್ಲು ಕದಲಲಿಲ್ಲ. ನನ್ನ ಅಂಗಿಯ ತೋಳನ್ನು ಹಿಡಿದುಕೊಂಡು, "ಇನ್ನೊಂದ್ಸಲ ಬರಲಿ ಅಪ್ಪ," ಎಂದಳು. ಇನ್ನೊಂದು ಸಲ ಬಂತು. ಆಗಲೂ "ಇನ್ನೊಂದ್ಸಲ" ಎಂದಳು. ಅಷ್ಟರಲ್ಲಿ ನಮ್ಮ ಪಕ್ಕದಲ್ಲೇ ನಿಂತಿದ್ದ ಕಾರಿನ ಬಾಗಿಲು ತೆರೆದು ಯಾರೋ ಇಳಿದರು, ಅಷ್ಟೇ. ನನ್ನ ಮಗಳು ಬೆಚ್ಚಿಬಿದ್ದು ನನ್ನ ಭುಜಕ್ಕೆ ಮುಖ ಒತ್ತಿಕೊಂಡಳು. ಬಾನೆಟ್ ಮೇಲೆ ಕೂತು, "ಅಪ್ಪಾ, ಆ ಲಾರೀನ ಹಿಂದೆ ಹಾಕು!" ಎಂದು ಕೂಗುತ್ತಿದ್ದ ಹುಡುಗಿ ಇವಳೇ.

ಗಾಡಿ ಬಿಡಿಸಲು ಬಂದವನಿಗೆ ಆಗ ಹೊಳೆಯಿತು, ಅದನ್ನು ಯಾವತ್ತೋ ಭಯವೇ ಬಿಡಿಸಿಯಾಗಿದೆ, ಜೊತೆಗೆ ರಸ್ತೆಯನ್ನೂ ಬಿಡಿಸುತ್ತಿದೆ. ಇನ್ನು ಸ್ವಲ್ಪ ದಿನ ಹೋದರೆ ಬಾಗಿಲು ದಾಟುವುದನ್ನೂ ಬಿಡಿಸೀತು. ಬಸ್ಸಿನಲ್ಲಿ ಓಡಾಡಿ ಎಲ್ಲ ಮನೆಗಳನ್ನು ಮುಟ್ಟಲು ಆಗದೆ ಅವಳ ರೋಗಿಗಳಲ್ಲಿ ಅರ್ಧದಷ್ಟು ಜನ ಆಗಲೇ ಬೇರೆ ನರ್ಸುಗಳ ಪಾಲಾಗಿದ್ದರು. ಬಸ್ಸೇ ಹತ್ತದ ಒಂದು ಏರುದಾರಿಯ ತುದಿಯಲ್ಲಿ ಕಾಲಿನ ಹುಣ್ಣಿನ ಅಜ್ಜಿಯೊಬ್ಬರಿದ್ದರು. ಅವರು ಆಗಾಗ ಫೋನು ಮಾಡುತ್ತಿದ್ದರು. ಅವರ ಭಾಷೆ ನನಗೆ ತಿಳಿಯದು. ಫೋನಿಟ್ಟ ಮೇಲೆ ಬೆಲ್ಲು ಹೇಳುವಳು: "ಹೊಸ ನರ್ಸು ಪಟ್ಟೀನ ನೆನೆಸದೆ ಒಣಗಿದ್ದನ್ನೇ ಕೀಳ್ತಾಳಂತೆ. ನೀನು ಯಾವಾಗ ಬರ್ತೀಯ ಅಂತ ಕೇಳ್ತಾರೆ." ಹೇಳಿ ಪಾತ್ರೆ ತೊಳೆಯಲು ಹೋಗುವಳು, ತೊಳೆದಿಟ್ಟ ಪಾತ್ರೆಗಳನ್ನೇ.

ತರಕಾರಿ ತಂದ ದಿನವೇ ಸಾಯಂಕಾಲ ಚಹಾ ಕುಡಿಯುತ್ತಾ ಕೇಳಿದೆ: "ಗಾಡಿ ಬಿಡ್ತೀಯಾ, ಬೆಲ್ಲು?"

ಅವಳು ಲೋಟವನ್ನೇ ನೋಡುತ್ತಾ, "ಬಿಟ್ಟು ಎಷ್ಟು ದಿನ ಆಯ್ತಪ್ಪ. ಅಮ್ಮನಿಗೆ ಹೇಳ್ಬಿಡು, ಮಾರ್ತಾಳಂತೆ ಅಂತ," ಎಂದಳು.

"ನಾನು ಕೇಳಿದ್ದು ಆ ಬಿಡೋದಲ್ಲ. ಈ ಬಿಡೋದು." ನಾನು ಮುಷ್ಟಿ ಹಿಡಿದು ಎಕ್ಸಲರೇಟರ್ ತಿರುವಿ ತೋರಿಸಿದೆ.

ಅವಳು ಲೋಟ ಕೆಳಗಿಟ್ಟಳು. "ಹಿಂದೆ ನೀನು ಕೂತ್ರೆ ಬಿಡ್ತೀನಿ," ಎಂದಳು.

ಹೀಗೆ ನಾನೇ ತೋಡಿದ ಗುಂಡಿಗೆ ನಾನೇ ಬಿದ್ದೆ. ನನ್ನ ಜನ್ಮದಲ್ಲಿ ಯಾರ ಹಿಂದೆಯೂ ಕೂತವನಲ್ಲ. ಪೇಪರಿನವರು 'ಹಿಂಬದಿ ಸವಾರ' ಎಂದು ಬರೆಯುತ್ತಾರಲ್ಲ, ಆ ಪದ ಬಂತೆಂದರೆ ಮುಂದಿನ ಸಾಲಿನಲ್ಲಿ ಒಳ್ಳೆಯ ಸುದ್ದಿ ಇರುವುದಿಲ್ಲ. ಭಾನುವಾರ ಬೆಳಗ್ಗೆ ಅವಳು ನನ್ನ ತಲೆಗೆ ಹೆಲ್ಮೆಟ್ಟು ತುರುಕಿ ಗದ್ದದ ಕೆಳಗೆ ಪಟ್ಟಿ ಬಿಗಿದಳು. ಬಿಂದಿಗೆಯೊಳಗೆ ತಲೆ ಸಿಕ್ಕಿಸಿಕೊಂಡವನ ಹಾಗೆ ನಿಂತಿದ್ದ ನನ್ನನ್ನು ನೋಡಿ ಬಂದಾಗಿನಿಂದ ಮೊದಲ ಸಲ ನಕ್ಕಳು. "ಸೊಂಟ ಹಿಡ್ಕೋ ಅಪ್ಪ. ನಾನು ಎತ್ತ ಬಾಗ್ತೀನೋ ನೀನೂ ಅತ್ತಲೇ ಬಾಗು. ಬುದ್ಧಿ ಉಪಯೋಗಿಸ್ಬೇಡ."

ಬೈಕು ಇಳಿಜಾರು ಹತ್ತಿ ಬೆಳಕಿಗೆ ಬಂತು. ಭಾನುವಾರವಾದರೂ ರಸ್ತೆ ತುಂಬಿತ್ತು. ಬಸ್ಸಿನ ಸೀಟಿನಲ್ಲಿ ಕೂತು ಬೈಕಿನವರನ್ನು 'ಸೊಳ್ಳೆಗಳು' ಎಂದು ಬೈಯುತ್ತಿದ್ದವನು ನಾನು. ಈಗ ನಾನೇ ಸೊಳ್ಳೆಯ ಹಿಂಬದಿ ಸವಾರ. ಅಕ್ಕಪಕ್ಕದಲ್ಲಿ ಬಸ್ಸಿನ ಚಕ್ರಗಳು ನನ್ನ ಭುಜದ ಎತ್ತರಕ್ಕೆ ತಿರುಗುತ್ತಿದ್ದವು. ಒಬ್ಬ ಡಬ್ಬಿಯವನು ನಮ್ಮ ಮೊಣಕಾಲನ್ನು ಸವರಿಕೊಂಡೇ ಮುಂದೆ ನುಗ್ಗಿದ. ಒಬ್ಬಳು ಫೋನಿನಲ್ಲಿ ಕಣ್ಣು ನೆಟ್ಟುಕೊಂಡೇ ರಸ್ತೆಗಿಳಿದಳು. ನಿಂತ ಪ್ರತಿಯೊಂದು ಕಾರಿನ ಬಾಗಿಲೂ ತೆರೆಯಲೆಂದೇ ಕಾಯುತ್ತಿರುವಂತೆ ಕಂಡಿತು. ನನ್ನ ಬಾಯಿಗೆ ಬಿಡುವೇ ಇರಲಿಲ್ಲ: "ಎಡಕ್ಕೆ ತಗೋ... ಅಲ್ಲ ಅಲ್ಲ, ಬಲಕ್ಕೆ... ನಿಧಾನ... ಹಾರ್ನ್ ಮಾಡೇ!" ಕೈಯ ಕೆಳಗೆ ಅವಳ ಪಕ್ಕೆಲುಬುಗಳು ಮೇಲೆ ಕೆಳಗೆ ಆಗುತ್ತಿದ್ದುದು ನನಗೆ ತಿಳಿಯುತ್ತಿತ್ತು.

ದೊಡ್ಡ ಸರ್ಕಲ್ಲಿನಲ್ಲಿ ಎಡಕ್ಕೆ ತಿರುಗಬೇಕಿತ್ತು. ಈ ಊರಿನಲ್ಲಿ ಎಡಕ್ಕೆ ತಿರುಗುವುದೆಂದರೆ ಎದುರಿನಿಂದ ಬರುವ ಸಾಲನ್ನು ಅಡ್ಡ ದಾಟಬೇಕು. ಬೆಲ್ಲು ನಡುರಸ್ತೆಯಲ್ಲಿ ಕಾಲೂರಿ ಕಾಯುತ್ತಿದ್ದಳು. ತಿರುಗುವ ಕಡೆ ದಾಟುತ್ತಿದ್ದವರಲ್ಲಿ ಕೊನೆಯವರು ಆಚೆ ಸೇರುತ್ತಿದ್ದರು, ಅವಳ ಕಣ್ಣು ಅವರ ಮೇಲಿತ್ತು. ನಾನು ಹಳೆಯ ಅಭ್ಯಾಸದ ಮೇಲೆ ಬೇರೆ ದಿಕ್ಕಿಗೆ ನೋಡುತ್ತಿದ್ದವನು ತಲೆ ತಿರುಗಿಸಿದರೆ, ಎದುರಿನಿಂದ ಒಂದು ವ್ಯಾನು ಓಡಿಬರುತ್ತಿದೆ. ಅದಕ್ಕೆ ದಾರಿ ಬಿಡು ಎಂದು ನಾನು ಹೇಳಬೇಕಿತ್ತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು.

"ಬಿಡು! ಬಿಡು ಬಿಡು!"

ಬಿಟ್ಟೇ ಬಿಟ್ಟಳು. ಗಾಡಿಯನ್ನು.

ವ್ಯಾನಿನ ಬ್ರೇಕು ಕಿರುಚಿತು. ಅದರ ಮುಖ ನನ್ನ ತೊಡೆಯ ಪಕ್ಕಕ್ಕೇ ಬಂದು ನಿಂತದ್ದನ್ನು ನೋಡಿದೆ, ಎಂಜಿನ್ನಿನ ಬಿಸಿ ತಾಗುವಷ್ಟು ಹತ್ತಿರ. ಬೆಲ್ಲು ಒಂದೇ ಉಸಿರಿಗೆ ದಾಟಿ, ಆಚೆಯ ಮುಚ್ಚಿದ ಅಂಗಡಿಯೊಂದರ ಮುಂದೆ ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ಕಿತ್ತು ನನ್ನ ಕಡೆ ತಿರುಗಿದಳು. ಅವಳ ಮುಖ ಕೆಂಡವಾಗಿತ್ತು.

"ಏನಪ್ಪಾ ನಿಂದು! ಬಿಡು ಅಂದೆ, ಬಿಟ್ಟೆ!"

"ಬಿಡು ಅಂದ್ರೆ ಅವನಿಗೆ ಬಿಡು ಅಂತ! ದಾರಿ ಬಿಡು ಅಂತ!"

"ನನಗೆ ಸೈಕಲ್ ಕಲಿಸಿದ್ದು ನೀನೇ ತಾನೆ? ಹಿಂದೆ ಸೀಟ್ ಹಿಡ್ಕೊಂಡು ಓಡ್ತಾ 'ಬಿಡು, ಬಿಡು, ಇನ್ನೂ ಜೋರಾಗಿ ಬಿಡು' ಅಂತಿದ್ಯಲ್ಲ? ಆಗ ಯಾರಿಗೆ ದಾರಿ ಬಿಡೋಕೆ ಹೇಳ್ತಿದ್ದೆ?"

"ಅದು ಆ ಬಿಡು ಕಣೇ! ಇದು ಈ ಬಿಡು!"

"ನನ್ನ ಕಿವಿಗೇನು ಗೊತ್ತು, ಇದು ಯಾವ ಬಿಡು ಅಂತ!"

ಪರದೇಶದ ರಸ್ತೆ ಬದಿಯಲ್ಲಿ ಅಪ್ಪ ಮಗಳು ಕನ್ನಡದಲ್ಲಿ ಜಗಳಕ್ಕೆ ಬಿದ್ದೆವು. ಹೋಗುವವರು ನಿಂತು ನೋಡಿ ಹೋದರು. ಹಾರ್ನಿಗೆ ಸರಿಯಾಗಿ ಬೆಲ್ಲೂ ಬಾರಿಸುತ್ತಿತ್ತು. ಹೀಗೇ ಕೂಗಾಡುತ್ತಿದ್ದಾಗ ಎಲ್ಲೋ ಒಂದು ಕಡೆ ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಬೈಕಿನ ಸೀಟಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ನನಗೆ ನಗು ಬರಲಿಲ್ಲ. ನನ್ನ ಕೈ ಗಡಗಡ ನಡುಗುತ್ತಿತ್ತು. ಅವಳನ್ನು ಉಳಿಸಲೆಂದು ಅಷ್ಟು ದೂರದಿಂದ ಬಂದು, ಒಂದು ಮಾತಿನಲ್ಲಿ ಕಳೆದುಕೊಳ್ಳುತ್ತಿದ್ದೆ.

"ಬೆಲ್ಲು, ಗಾಡಿ ಇಲ್ಲೇ ಇರಲಿ. ಟ್ಯಾಕ್ಸಿ ಹಿಡಿದು ಮನೆಗೆ ಹೋಗೋಣಮ್ಮ. ಅಮ್ಮ ಹೇಳಿದ್ದೇ ಸರಿ."

ಅವಳು ನನ್ನ ನಡುಗುವ ಕೈಯನ್ನು ನೋಡಿದಳು. ಆಮೇಲೆ ತನ್ನ ಕೈಯನ್ನು ಚಾಚಿ ಅಂಗೈ ತಿರುಗಿಸಿ ನೋಡಿಕೊಂಡಳು. ಅದು ನಡುಗುತ್ತಿರಲಿಲ್ಲ. ಅದನ್ನು ನೋಡಿ ನನಗಿಂತ ಅವಳಿಗೇ ಹೆಚ್ಚು ಆಶ್ಚರ್ಯವಾದಂತಿತ್ತು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವ ಭರದಲ್ಲಿ ಹೆದರುವುದನ್ನೇ ಮರೆತಿದ್ದಳು.

"ಹತ್ತಪ್ಪ," ಎಂದಳು. "ಆದ್ರೆ ಇನ್ಮೇಲೆ ನೀನು ಡ್ರೈವರ್ ಅಲ್ಲ, ಕಂಡಕ್ಟರು. ಬಾಯಲ್ಲಿ ಎರಡೇ ಮಾತು ಬರಬೇಕು. ನಿಲ್ಲಬೇಕು ಅನ್ಸಿದ್ರೆ 'ಹೋಲ್ಡಾನ್'. ಹೋಗಬಹುದು ಅನ್ಸಿದ್ರೆ 'ರೈಟ್'. ಮಿಕ್ಕಿದ್ದೆಲ್ಲ ಹೊಟ್ಟೇಲಿಟ್ಕೋ."

"ರೈಟ್ ಅಂದ್ರೆ ಬಲಕ್ಕೆ ತಿರುಗಿಬಿಟ್ಟೀಯ ಮತ್ತೆ."

"ಬಸ್ಸಿನ ಬಾನೆಟ್ ಮೇಲೆ ಬೆಳೆದೋಳು ನಾನು. ರೈಟ್ ಅಂದ್ರೆ ಏನಂತ ನನಗೆ ಹೇಳಿಕೊಡ್ಬೇಡ."

ಡ್ರೈವರನ್ನು ಕಂಡಕ್ಟರ್ ಮಾಡುವುದಕ್ಕಿಂತ ದೊಡ್ಡ ಅವಮಾನ ನಮ್ಮ ಡಿಪೋದಲ್ಲಿ ಇರಲಿಲ್ಲ. ನುಂಗಿಕೊಂಡು ಹತ್ತಿದೆ. ಮನೆಯವರೆಗೆ ನಾನು ಆಡಿದ್ದು ಹೋಲ್ಡಾನ್ ಮತ್ತು ರೈಟ್, ಅಷ್ಟೇ. ದಾರಿಯಲ್ಲಿ ನಮ್ಮ ಹಳೆಯ ಕಂಡಕ್ಟರುಗಳೆಲ್ಲ ನೆನಪಾದರು. ಅವರು ಹಿಂದಿನಿಂದ "ರೈಟ್" ಅಂದಾಗ ನಾನು ತಿರುಗಿಯೂ ನೋಡದೆ ಬಸ್ಸು ಬಿಡುತ್ತಿದ್ದೆ. ಸ್ಟೇರಿಂಗು ಕೈಯಲ್ಲಿಲ್ಲದೆ, ಬ್ರೇಕು ಕಾಲಡಿಯಲ್ಲಿಲ್ಲದೆ, ಮುಂದಿರುವವರನ್ನು ನಂಬಿಕೊಂಡು ಆ ಮಾತನ್ನು ಹೇಳುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನದಿಂದ ನಾನು ಡ್ಯೂಟಿಗೆ ಹಾಜರಾದೆ. ಅವಳು ಮಹಡಿ ಹತ್ತಿ ಪಟ್ಟಿ ಕಟ್ಟಿ ಬರುವವರೆಗೆ ನಾನು ಕೆಳಗೆ ಎರಡೂ ಹೆಲ್ಮೆಟ್ಟು ಮಡಿಲಲ್ಲಿಟ್ಟುಕೊಂಡು ಕಾಯುವೆ. ಇಳಿದು ಬಂದು, "ಡೀಸೆಲ್ ಆಯ್ತಾ ಕಂಡಕ್ಟ್ರೇ?" ಎಂದು ಚಹಾದ ಬಗ್ಗೆ ಕೇಳುವಳು. ದಿನ ಕಳೆದಂತೆ ನನ್ನ ಹೋಲ್ಡಾನ್ ಕಡಿಮೆಯಾಯಿತು, ಏಕೆಂದರೆ ನಾನು ಬಾಯಿ ತೆರೆಯುವ ಮೊದಲೇ ಅವಳು ನಿಂತಿರುತ್ತಿದ್ದಳು. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಬಿಟ್ಟೇ ಹೋಗುತ್ತಿದ್ದಳು. ದೊಡ್ಡ ಲಾರಿಯ ಪಕ್ಕ ಬಂದರೆ, ಅದರ ಕನ್ನಡಿಯಲ್ಲಿ ಡ್ರೈವರನ ಮುಖ ಕಾಣುವವರೆಗೆ ಹಿಂದೆಯೇ ಇರುತ್ತಿದ್ದಳು. ಅವನ ಮುಖ ನಮಗೆ ಕಾಣದಿದ್ದರೆ ನಾವು ಅವನಿಗೆ ಕಾಣುವುದಿಲ್ಲ. ಇದನ್ನು ನಾನು ಹೇಳಿಕೊಟ್ಟದ್ದಲ್ಲ, ಅವಳಿಗೆ ಮೊದಲೇ ಗೊತ್ತಿತ್ತು.

ಒಂದು ದಿನ ಮಳೆ ಹನಿಯುತ್ತಿತ್ತು. ಅವಳು ಬೇಕೆಂದೇ ಬೇರೆ ದಾರಿ ಹಿಡಿದಳು. ಮುಂದೆ ಟ್ರಾಮಿನ ಹಳಿಗಳು ಒದ್ದೆಯಾಗಿ ಮಿನುಗುತ್ತಿದ್ದವು. ಅವಳು ಬಿದ್ದ ಜಾಗ ಇದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ, ನನ್ನ ಕೈಯ ಕೆಳಗೆ ಅವಳ ಉಸಿರು ನಿಂತಿತ್ತು. ಹೋಲ್ಡಾನ್ ಎಂದು ಕೂಗಲು ಬಾಯಿ ತುಂಬಿ ಬಂತು, ಹಲ್ಲು ಕಚ್ಚಿಕೊಂಡೆ. ಅವಳು ವೇಗ ಇಳಿಸಿ, ಗಾಡಿಯನ್ನು ನೆಟ್ಟಗೆ ಮಾಡಿ, ಹಳಿಗಳನ್ನು ಅಡ್ಡಲಾಗಿ ದಾಟಿದಳು. ಚಕ್ರಗಳು ಸಣ್ಣಗೆ ಕುಲುಕಿದವು, ಅಷ್ಟೇ. ಆಚೆ ಬದಿ ತಲುಪಿದ ಮೇಲೆ ಅವಳು ಒಂದು ಕೈ ಹಿಂದೆ ತಂದು ನನ್ನ ಮೊಣಕಾಲನ್ನು ತಟ್ಟಿದಳು.

ಮಾರನೆಯ ಬೆಳಗ್ಗೆ ನಾನು ಹೆಲ್ಮೆಟ್ಟು ಹಿಡಿದು ನಿಂತರೆ, "ಇವತ್ತು ನೀನು ಬರಬೇಡ ಅಪ್ಪ," ಎಂದಳು. "ಆ ಏರಿನ ಅಜ್ಜಿ ಮನೆಗೆ ಹೋಗ್ಬೇಕು. ಇಬ್ಬರಾದ್ರೆ ಗಾಡಿ ಎಳೆಯಲ್ಲ." ಎಳೆಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ನೆಲಮಾಳಿಗೆಯ ಇಳಿಜಾರಿನ ತುದಿಯವರೆಗೆ ಜೊತೆಗೆ ಹೋದೆ. "ಹೋಗ್ಬರ್ತೀನಿ," ಎಂದಳು. ಎಂಜಿನ್ ಚಾಲೂ ಇತ್ತು, ರಸ್ತೆ ಖಾಲಿಯಿತ್ತು, ಆದರೂ ಹೊರಡಲಿಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಏಕೆ ನಿಂತಿದ್ದಾಳೆ ಎಂದು ನನಗೆ ಕೊಂಚ ತಡವಾಗಿ ತಿಳಿಯಿತು. ಕಂಡಕ್ಟರನ ಮಾತಿಗೆ ಕಾಯುತ್ತಿದ್ದಳು. ಇವಳು ಎಂದೆಂದೂ ಇಲ್ಲೇ ನಿಂತಿರಲಿ ಎನಿಸಿತು. ಕೊನೆಗೆ ಹಿಂದಿನ ಸೀಟನ್ನು ಎರಡು ಸಲ ತಟ್ಟಿ ಹೇಳಿದೆ.

"ರೈಟ್."

ಹೋದಳು. ತಿರುವಿನಲ್ಲಿ ಮರೆಯಾದ ಮೇಲೂ ನಾನು ಅಲ್ಲೇ ನಿಂತಿದ್ದೆ.

ಮೇಲೆ ಬಂದು ಬಾಲ್ಕನಿಯಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ಎಲ್ಲೋ ಸೈರನ್ ಕೇಳಿತು, ಅದು ದೂರ ಹೋಗುವವರೆಗೆ ದೇವರ ಹೆಸರುಗಳೆಲ್ಲ ಬಾಯಿಗೆ ಬಂದವು. ಮಧ್ಯಾಹ್ನವಾಗುತ್ತಾ ಬಂದಾಗ ಫೋನು ಹೊಡೆದುಕೊಂಡಿತು. ಹೆಂಡತಿ.

"ಏನ್ರೀ, ವಾಪಸ್ ಬರೋ ದಿನ ಹತ್ರ ಬಂತು. ಹೋದ ಕೆಲಸ ಏನಾಯ್ತು? ಗಾಡಿ ಬಿಡಿಸಿದ್ರಾ?"

ಇವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವನಲ್ಲ ನಾನು. ನಿಜ ಹೇಳುವ ಧೈರ್ಯವೂ ಇರಲಿಲ್ಲ. "ಬಿಡಿಸಿದೆ," ಎಂದೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಾಳೆ ಎಂದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಇಷ್ಟು ವರ್ಷ ನನ್ನ ಜೊತೆ ಬಾಳಿದವಳು. ಗೆದ್ದು ಬಂದರೆ ನಾನು ಹೀಗೆ ಮೆತ್ತಗೆ ಮಾತಾಡುವವನಲ್ಲ ಎಂದು ಅವಳಿಗೆ ತಿಳಿಯದೇ? ಬೈಗುಳಕ್ಕೆ ಕಿವಿಯೊಡ್ಡಿ ಕೂತೆ.

ಅವಳು ದೊಡ್ಡದಾಗಿ ಉಸಿರು ಬಿಟ್ಟು ಕೇಳಿದಳು: "ಹೇಗೆ ಬಿಡ್ತಾಳೆ?"

ಉತ್ತರ ಹೊಂದಿಸಿಕೊಳ್ಳುತ್ತಿರುವಾಗಲೇ ಕೆಳಗಿನ ಸರ್ಕಲ್ಲಿನಲ್ಲಿ ಆ ಬೈಕು ಕಾಣಿಸಿತು. ಎಡದ ದೀಪ ಮಿನುಗಿಸುತ್ತಾ ನಡುರಸ್ತೆಯಲ್ಲಿ ಕಾಲೂರಿ ನಿಂತಳು. ಎದುರಿನಿಂದ ಒಂದು ಸಿಟಿ ಬಸ್ಸು ಬರುತ್ತಿತ್ತು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಬೆಲ್ಲು ಕದಲಲಿಲ್ಲ. ಬಸ್ಸು ಹೋಯಿತು, ದಾಟುತ್ತಿದ್ದವರು ದಾಟಿದರು, ಆಮೇಲೆ ಅವಳು ನಿಧಾನವಾಗಿ ತಿರುಗಿ ನಮ್ಮ ಬೀದಿಗೆ ಬಂದಳು.

"ಬಸ್ಸಿಗೆ ಬಿಟ್ಟು, ಆಮೇಲೆ ಬಿಡ್ತಾಳೆ ಕಣೇ," ಎಂದೆ. "ನೋಡ್ತಾ ಇದೀನಿ. ಈಗ ಕೆಳಗೆ ಬಂದ್ಲು."

ಹೆಂಡತಿ ಮೂಗು ಏರಿಸಿಕೊಂಡ ಸದ್ದು ಕೇಳಿತು.

"ಹಾಗಾದ್ರೆ ಅಲ್ಲೇನು ಕೂತಿದೀರಿ? ಏಳಿ, ಅನ್ನಕ್ಕಿಡಿ. ಹಸ್ಕೊಂಡು ಬಂದಿರ್ತಾಳೆ."